ಒದ್ದೆ ಜಡೆಯ ಹೊಲಿಗೆ ಅಕ್ಕ

ಆವತ್ತು ಬೆಳಿಗ್ಗೆ ನಲ್ಲಿ ನೀರು ತುಂಬಿಟ್ಟು, ಮಗಳನ್ನು ಶಾಲೆಯ ಆಟೋ ಹತ್ತಿಸಿ, ರೊಟ್ಟಿ ಬಡಿಯಲು ಕೂತಿದ್ದೆ. ಯಜಮಾನರು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಭಾನುವಾರ ಮಾತ್ರ ಬರುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಉಳಿದ ದಿನಗಳಲ್ಲಿ ಒಂದೆರಡು ರೊಟ್ಟಿಯಾದರೆ ಸಾಕು. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿರುವಾಗ ನಾರಾಯಣಖೇಡದಿಂದ ಫೋನು ಬಂತು. ಹೊಲಿಗೆ ಅಕ್ಕನ ತಮ್ಮ.

"ಅಕ್ಕ ಹೋದಳ್ರಿ. ನಿದ್ದ್ಯಾಗೇ ಎದಿ ನಿಂತದಂತ ಡಾಕ್ಟರ್ ಅಂದ್ರು."

ನನಗೆ ಥಟ್ಟನೆ ಕಂಡದ್ದು ಅಕ್ಕನ ಬೆನ್ನು. ತಲೆಗೆ ನೀರು ಹಾಕಿಕೊಂಡ ದಿನವೂ ಹಸಿ ಕೂದಲನ್ನೇ ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಹೆಣೆದುಬಿಡುತ್ತಿದ್ದರು. ಬ್ಲೌಸಿನ ಬೆನ್ನ ಮೇಲೆ ಜಡೆಯುದ್ದಕ್ಕೂ ಒದ್ದೆ ಗೆರೆ. "ಒಣಗಿಸ್ಕೋರಿ ಅಕ್ಕ, ನೆಗಡಿ ಆಗ್ತದ" ಎಂದರೆ, "ಕೂದಲ ಬಿಟ್ಕೊಂಡು ಬಿಸಿಲಿಗಿ ನಿಂತ್ರ ಟಿವಿಯಾಗಿನ ಹುಚ್ಚಿ ಅಂತಾರ, ತಂಗಿ" ಎಂದು ನಗುತ್ತಿದ್ದರು. ನಾನೂ ತಮಾಷೆ ಎಂದುಕೊಂಡು ನಗುತ್ತಿದ್ದೆ.

ನಾನು ಜಹೀರಾಬಾದಿಗೆ ಸೊಸೆಯಾಗಿ ಬಂದಾಗ ಎದುರಿನ ಒಂದೇ ಖೋಲಿಯ ಮನೆಯಲ್ಲಿ ಅವರಿದ್ದರು. ಗಂಡ ಬಿಟ್ಟುಹೋಗಿ ಬಹಳ ವರ್ಷವಾಗಿತ್ತು. ಬಾಗಿಲ ಬೆಳಕಿಗೆ ಮಷೀನು, ತುಟಿಯ ನಡುವೆ ಗುಂಡುಪಿನ್ನು. ಪಿನ್ನು ಬೀಳದಂತೆ ಮಾತಾಡುವ ವಿದ್ಯೆ ಅವರಿಗೆ ಗೊತ್ತಿತ್ತು. ಬೀದರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ನನ್ನ ಮೆಲುದನಿ ಈ ಓಣಿಯಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅಕ್ಕ ಮಾತ್ರ ಮಷೀನು ನಿಲ್ಲಿಸಿ ಕೇಳುತ್ತಿದ್ದರು.

ಮಗಳು ಹುಟ್ಟಿದ ಮೇಲೆ ನನಗೆ ಅಳು ಹಿಡಿಯಿತು. ಮಗುವಿಗೆ ಹಾಲೂಡಿಸುವಾಗ ಅಳು, ಬಟ್ಟೆ ಮಡಚುವಾಗ ಅಳು. ಆಗ ಟಿವಿಯಲ್ಲಿ ಒಂದು ತೆಲುಗು ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಒಬ್ಬ ಸೊಸೆ. ಹಗಲು ಸಾಧು, ಕತ್ತಲಾದರೆ ಕೂದಲು ಕೆದರಿ ಗಂಡುದನಿಯಲ್ಲಿ ನಕ್ಕು ಕಂಡವರ ಕುತ್ತಿಗೆ ಹಿಸುಕುತ್ತಿದ್ದಳು. ಅದಕ್ಕೊಂದು ಕಾಯಿಲೆಯ ಇಂಗ್ಲಿಷ್ ಹೆಸರನ್ನೂ ಹೇಳಿದ್ದರು. ಓಣಿಯ ಹೆಂಗಸರೆಲ್ಲ ಕಂಡಕ್ಟರಮ್ಮನ ಮನೆಯಲ್ಲಿ ಕೂತು ನೋಡುವುದು ವಾಡಿಕೆ. ಕಂಡಕ್ಟರಮ್ಮ ಎಂದರೆ ನಮ್ಮ ಪಕ್ಕದ ಮನೆಯವರು, ಬಸ್ ಕಂಡಕ್ಟರರ ಹೆಂಡತಿ.

ಒಂದು ಸಂಜೆ ಅವರು ನನ್ನ ಅತ್ತೆಗೆ ಎಲ್ಲರೆದುರೇ ಹೇಳಿದರು: "ನಿಮ್ಮ ಸೊಸಿ ಅಳೂದು ಹಿಂಗೇ ಅದ ನೋಡ್ರಿ. ಈ ಟಿವಿಯಾಗಿನಾಕಿಗೂ ಮೊದಲ ಬರೇ ಅಳೂನೇ ಇತ್ತು. ಕೂಸು ಆಕಿ ಕೈಯಾಗ ಬಿಡಬ್ಯಾಡ್ರಿ. ದೆವ್ವ ಬಿಡಿಸೋರ ಕಡಿ ಕರ್ಕೊಂಡು ಹೋಗ್ರಿ."

ಅತ್ತೆ ಮಗುವನ್ನು ನನ್ನ ಮಡಿಲಿಂದ ಎತ್ತಿಕೊಂಡರು. ನನ್ನ ಕೈ ಖಾಲಿಯಾಗಿ ಹಾಗೇ ಉಳಿಯಿತು.

ಮೂಲೆಯಲ್ಲಿದ್ದ ಅಕ್ಕ ಎದ್ದು ನಿಂತರು. "ಟಿವಿ ನೋಡಿ ವೈದ್ಯ ಮಾಡಬ್ಯಾಡ್ರಿ. ಇದು ಬ್ಯಾನಿ, ಗುಣ ಆಗ್ತದ. ನನಗೂ ತಲಿ ಬ್ಯಾನಿ ಅದ, ಇದಕಿಂತ ದೊಡ್ಡದು. ಟಿವಿಯಾಗ ಹೇಳ್ಯಾರಲ್ಲ, ಅದೇ ಹೆಸರಿಂದು. ತಲ್ಯಾಗ ರೇಡಿಯೋ ಹಚ್ಚಿದಂಗ ಮಾತು ಕೇಳ್ತಾವ. ಗುಳಿಗಿ ತೊಗೊಂಡ್ರ ಸಣ್ಣಗ ಆಗ್ತಾವ. ನಿಮ್ಮೆಲ್ಲರ ಬ್ಲೌಸ್ ನಾನೇ ಹೊಲ್ದೀನಿ. ಯಾರ ಕುತ್ತಿಗಿ ಹಿಸುಕೀನಿ, ಹೇಳ್ರಿ?"

ಅಕ್ಕ ಅತ್ತೆಯ ತೋಳಿಂದ ಮಗುವನ್ನು ತೆಗೆದು ನನ್ನ ಕೈಗಿಟ್ಟರು. ಮರುದಿನ ನನ್ನನ್ನು ಬಸ್ಸಿನಲ್ಲಿ ಬೀದರಿಗೆ, ತಾವು ತೋರಿಸಿಕೊಳ್ಳುವ ಡಾಕ್ಟರಲ್ಲಿಗೆ ಕರೆದೊಯ್ದರು. ಕೆಲವು ತಿಂಗಳಿಗೆ ನನ್ನ ಅಳು ನಿಂತಿತು.

ಅಕ್ಕನ ಕಷ್ಟ ಮಾತ್ರ ಅಲ್ಲಿಂದ ಶುರುವಾಯಿತು. "ಇವತ್ತ ಯಾರು ಬಂದಾರ? ಹಗಲಿನಾಕಿನೋ, ಕತ್ತಲಿನಾಕಿನೋ?" ಎಂದು ಕಂಡಕ್ಟರಮ್ಮ ನಗೆಯಾಡಿದರೆ ಅಕ್ಕ ಪಿನ್ನು ಕಚ್ಚಿಕೊಂಡೇ, "ಇಬ್ಬರಿದ್ದಿದ್ರ ಒಬ್ಬಾಕಿಗಿ ಹುಕ್ ಹಚ್ಚಾಕ ಕೂಡಿಸಿ ನಾ ಆರಾಮ ಮಲಗ್ತಿದ್ದೆ ನೋಡ್ರಿ" ಎನ್ನುತ್ತಿದ್ದರು. ನಗು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಒಂದು ದಿನ ನಾನು ಅಲ್ಲೇ ಕೂತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಅಳತೆ ತೆಗೆಯುತ್ತಿದ್ದರು. ಎದೆ, ತೋಳು ಆಯಿತು. ಕೊರಳಿಗೆಂದು ಟೇಪು ಎತ್ತಿದ್ದೇ ತಡ, ಹುಡುಗಿ ಕಣ್ಣು ಗಟ್ಟಿ ಮುಚ್ಚಿ ಭುಜ ಕುಗ್ಗಿಸಿ ನಿಂತಳು. ಅಕ್ಕ ಟೇಪನ್ನು ಕೆಳಗಿಳಿಸಿದರು. "ಮನ್ಯಾಗಿಂದು ಹಳೇ ಬ್ಲೌಸ್ ತೊಗೊಂಡು ಬಾ ಮಗಾ, ಅದರ ಅಳತಿ ಹಿಡೀತೀನಿ" ಎಂದರು. ಆಮೇಲೆ ಎಲ್ಲರೂ ಹಳೆ ಬ್ಲೌಸನ್ನೇ ತಂದು ಹೊಸ್ತಿಲ ಮೇಲಿಟ್ಟು ಹೋಗತೊಡಗಿದರು. ಮುಂದೆ ಅದನ್ನು ತರುವವರೂ ಕಡಿಮೆಯಾದರು. ನಾನೇ ಹೊಲಿಸಿ ಹೊಲಿಸಿ, ನನ್ನ ಬಳಿ ತೊಡಲಾಗದಷ್ಟು ಬ್ಲೌಸುಗಳಾದವು.

"ಅಂದು ಹೇಳಬಾರದಿತ್ರಿ ಅಕ್ಕ, ನನ್ನ ಸಲುವಾಗಿ" ಎಂದೆ ಒಮ್ಮೆ.

"ನಿನ್ನ ಕೂಸು ನಿನ್ನ ಕೈಯಾಗ ಅದೋ ಇಲ್ಲೋ? ಆತು ಬಿಡು."

ಕಡೆಗೆ ಮಷೀನನ್ನು ಆಟೋಕ್ಕೆ ಕಟ್ಟಿ ನಾರಾಯಣಖೇಡದ ತಮ್ಮನ ಮನೆಗೆ ಹೋದರು. ಎದುರಿನ ಬಾಗಿಲು ಮುಚ್ಚಿದ ಮೇಲೆ ನನಗೆ ಹೊತ್ತು ಹೋಗುವುದು ಕಷ್ಟವಾಯಿತು. ಫೋನು ಮಾಡಿದರೆ, "ಇಲ್ಲಿ ಒಳಗಿನ ಖೋಲ್ಯಾಗ ಹಾಕ್ಯಾರ ತಂಗಿ. ಬೀಗರು ಬಂದಾಗ ಸುಮ್ನ ಕೂಡು ಅಂತಾರ. ನಾ ಸುಮ್ನೇ ಕೂಡ್ತೀನಿ, ರೇಡಿಯೋ ಕೂಡಂಗಿಲ್ಲ" ಎನ್ನುತ್ತಿದ್ದರು.

ಒಲೆ ಆರಿಸಿ ಬಸ್ಸು ಹಿಡಿದು ಹೋದೆ. ಮಣ್ಣಿಗೆ ಬಂದವರು ಕೆಲವರೇ. ತಮ್ಮ ನನಗೆ, "ದೂರದಿಂದ ಬಂದ್ರಿ, ಚಹಾ ಕುಡೀರಿ" ಎಂದರು. ಕುಡಿದು ಎದ್ದೆ.

ಸಂಜೆ ಓಣಿಗೆ ಬಂದಾಗ ಕಂಡಕ್ಟರಮ್ಮ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖ ನೋಡಿ ವಿಷಯ ಕೇಳಿ, ಲೊಚಗುಟ್ಟಿ, ಒಂದು ಕಡ್ಡಿ ಮುರಿದು ಎಸೆದರು.

"ಪಾಪ, ಛಲೋ ಹೆಣಮಗಳು. ಇಷ್ಟು ವರ್ಷ ಎದುರಿಗೇ ಇದ್ದಳು, ಒಂದಿನಾ ಚೀರಿದ್ದಿಲ್ಲ, ಯಾರಿಗೂ ಕೈ ಎತ್ತಿದ್ದಿಲ್ಲ. ಖರೇನೇ ಆ ಬ್ಯಾನಿ ಇತ್ತೋ, ಇಲ್ಲಾ ನಿನಗ ಕೂಸು ಕೊಡ್ಸಾಕ ಸುಮ್ನ ಅಂದಿದ್ದಳೋ ಏನೋ, ಯಾರಿಗಿ ಗೊತ್ತು."