ಹಂಪ್ ದಾಟದ ಎರಡು ಅಮೆರಿಕನ್ ಕಾರು

ಗೆಳೆಯರೇ, ಇವತ್ತು ಬೆಳಿಗ್ಗೆ ಚಿಕ್ಕಲಸಂದ್ರದ ನಮ್ಮ ಬೀದಿಗೆ ಎರಡು ಸೆಕೆಂಡ್ ಹ್ಯಾಂಡ್ ಅಮೆರಿಕನ್ ಕಾರು ಬಂದವು. ಹಳದಿ ಮಸ್ಟಾಂಗ್, ಕಪ್ಪು ಕಮಾರೊ. ಎದುರುಮನೆಯ ಮಂಜಣ್ಣ ಒಂದನ್ನು ಆರಿಸಬೇಕಿತ್ತು.

"ಮಸ್ಟಾಂಗ್ ಐದು ಲೀಟರ್ ಇಂಜಿನ್, ಹತ್ರ ಹತ್ರ ನಾನೂರು ಹಾರ್ಸ್ ಪವರ್ ಭಾವ," ಎಂದ ಅವರ ಭಾಮೈದ. "ಕಮಾರೊ ಆರು ಚಿಲ್ರೆ ಲೀಟರ್, ನಾನೂರೈವತ್ತು ದಾಟುತ್ತೆ. ಪಿಕಪ್ ಸಖತ್."

"ಮೊದ್ಲು ಎರಡೂ ಗೇಟೊಳಗೆ ತಗೊಂಬಾ."

ಎರಡೂ ಬರಲಿಲ್ಲ. ಬೈಕ್ ಹುಡುಗರ ವೇಗ ತಡೆಯಲು ಮಂಜಣ್ಣ ತಾವೇ ಗೇಟಿನ ಮುಂದೆ ಸಿಮೆಂಟಿನ ಎತ್ತರದ ಹಂಪ್ ಹಾಕಿಸಿದ್ದರು. ಮಸ್ಟಾಂಗಿನ ಹೊಟ್ಟೆ ಉಜ್ಜಿತು. ಕಮಾರೊದ ಮೂತಿಯೇ ತಾಗಿತು.

"ಯಾರ್ ಸಾರ್ ಈ ಹಂಪ್ ಹಾಕ್ಸಿದ್ದು?" ಎಂದು ಕಾರು ಮಾರಲು ಬಂದವನು ಕೂಗಿದ.

"ಬೀದಿಯೋರು ಕಣಯ್ಯ," ಎಂದರು ಮಂಜಣ್ಣ, ನನ್ನತ್ತ ನೋಡದೆ.

ಅದನ್ನು ತೆಗೆಸಿ ಎಂದು ಬೀದಿಯವರು ಎರಡು ವರ್ಷದಿಂದ ಕೇಳುತ್ತಿದ್ದೆವು. ಹೆಂಡತಿಯ ಸೊಂಟನೋವು ಹೇಳಿದಾಗ ನನಗೆ ಸಿಕ್ಕಿದ ಉತ್ತರ, "ನಿಧಾನಕ್ಕೆ ಓಡ್ಸಿ ಸಾರ್."

ಸಂಜೆ ಹಂಪ್ ಒಡೆಸಿದರು. ಯಾವ ಕಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ. ಮಂಜಣ್ಣನನ್ನು ಒಪ್ಪಿಸಲು ಎಷ್ಟು ಹಾರ್ಸ್ ಪವರ್ ಬೇಕು ಎಂಬುದಂತೂ ನಮಗೆ ತಿಳಿಯಿತು.