ನುಜಹತಳ ಮನೆ ನೋಡಲು ಟೀವಿಯವರು ಬಂದದ್ದು

ಸವಣೂರಿನ ಎಲೆ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಮಗು ಓದು ಬರಹಕ್ಕಿಂತ ಮೊದಲು ವೀಳ್ಯದೆಲೆ ಜೋಡಿಸುವುದನ್ನು ಕಲಿಯುತ್ತದೆ. ಚಲೋ ಎಲೆ ಮೇಲೆ, ನಡುತರದ್ದು ಅದರ ಕೆಳಗೆ, ಚುಕ್ಕೆ ಬಿದ್ದದ್ದು ಬುಟ್ಟಿಯ ತಳಕ್ಕೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ನಡುವೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಹಸನಸಾಬನ ಒಬ್ಬಳೇ ಮಗಳು ನುಜಹತ ಈ ವಿದ್ಯೆಯನ್ನು ಆರನೆಯ ವಯಸ್ಸಿಗೇ ಮುಗಿಸಿದ್ದಳು. ಏಳಕ್ಕೆ ಬುಟ್ಟಿಯ ಹಿಂದೆ ಕುಳಿತು ಹಾಡತೊಡಗಿದಳು. ಹಾಡು ಕೇಳಲು ನಿಂತವರು ಎಲೆ ಕೊಳ್ಳದೆ ಹೋಗಲು ನಾಚುತ್ತಿದ್ದರು. ಹಾಗಾಗಿ ಮಗಳ ಸಂಗೀತಕ್ಕೆ ಹಸನಸಾಬನಿಂದ ಯಾವ ಅಡ್ಡಿಯೂ ಬರಲಿಲ್ಲ.

ಅವಳಿಗಿದ್ದ ಗುರು ಒಬ್ಬಳೇ, ಅಜ್ಜಿ ರಹಿಮಾಬಿ. ಮದುವೆ ಮನೆಯಲ್ಲಿ ರಹಿಮಾಬಿ ಢೋಲಕ್ ಎಳೆದುಕೊಂಡು ಕುಳಿತಳೆಂದರೆ ಬೀಗರ ಎದೆ ನಡುಗುತ್ತಿತ್ತು. ವರನ ಮೂಗು, ಅತ್ತೆಯ ನಡಿಗೆ, ತಂದ ಸೀರೆಯ ಬಣ್ಣ, ಒಂದನ್ನೂ ಬಿಡದೆ ಹಾಡು ಕಟ್ಟಿ ಕಾಲೆಳೆಯುವುದು ಅವಳ ಕೆಲಸ. ಬೀಗರು ಸಿಟ್ಟಾಗುವಂತಿಲ್ಲ, ಏಕೆಂದರೆ ಅದು ಸಂಪ್ರದಾಯ. ನುಜಹತ ಮಾಡಿದ್ದಿಷ್ಟೇ: ಅಜ್ಜಿಯ ಆ ಚೇಷ್ಟೆಯನ್ನು ತೆಗೆದು ಕುಣಿಯುವ ತಾಳಕ್ಕೆ ಕೂಡಿಸಿದಳು. ಶಿಗ್ಗಾವಿಯ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಒಂದು ಹಾಡಿಗೆಂದು ವೇದಿಕೆ ಹತ್ತಿದವಳು ನಾಲ್ಕು ಹಾಡಿ ಇಳಿದಳು. ಹಾನಗಲ್ಲಿನ ಆರ್ಕೆಸ್ಟ್ರಾದವರು ಕರೆದರು. ಹಿರೇಕೆರೂರಿನಲ್ಲಿ ನಡುವೆಯೇ ಕರೆಂಟ್ ಹೋದಾಗ ಮೈಕಿಲ್ಲದೆ ಅರ್ಧ ತಾಸು ಹಾಡಿದಳು. ಕರೆಂಟ್ ಬಂದದ್ದು ಯಾರಿಗೂ ಬೇಕಾಗಿರಲಿಲ್ಲ. ಅವಳಿಗೆ ಹತ್ತೊಂಬತ್ತಾದಾಗ ಹುಬ್ಬಳ್ಳಿಯಲ್ಲಿ ಟೀವಿಯ ಹಾಡಿನ ಸ್ಪರ್ಧೆಗೆ ಆಯ್ಕೆ ನಡೆಯಿತು. ಒಂಬತ್ತು ತಾಸು ಸರದಿಯಲ್ಲಿ ನಿಂತು, ಎರಡು ನಿಮಿಷ ಹಾಡಿ, ಬೆಂಗಳೂರಿನ ಬಸ್ಸು ಹತ್ತಿದಳು.

ಅಲ್ಲಿ ಇಪ್ಪತ್ತು ಜನ ಹದಿನಾಲ್ಕಾದರು, ಹದಿನಾಲ್ಕು ಎಂಟಾಯಿತು. ಎಂಟಕ್ಕೆ ಬಂದು ನಿಂತಾಗ ಕಾರ್ಯಕ್ರಮದ ಡೈರೆಕ್ಟರ್ ಅವಳನ್ನು ಕೂರಿಸಿಕೊಂಡು ಹೇಳಿದ:

“ನೋಡಮ್ಮಾ, ಈ ಭಾನುವಾರ ಇಬ್ಬರು ಹೊರಗೆ ಹೋಗ್ತಾರೆ. ನಿನ್ನ ಧ್ವನಿ ಚೆನ್ನಾಗಿದೆ, ಓಟು ಮಾತ್ರ ಕಡಿಮೆ. ಶನಿವಾರ ಎಲ್ಲರ ಮನೆ ಕಥೆ ತೋರಿಸ್ತೀವಿ. ಹೋದ ಸಲ ಯಾರ ಮನೆ ನೋಡಿ ಜನ ಅತ್ತರೋ ಅವರೇ ಉಳಿದಿದ್ದು. ನಿಮ್ಮ ಮನೇಲಿ ಕಷ್ಟ ಇದೆ ತಾನೇ?”

“ಇರಬೇಕ್ರಿ,” ಎಂದಳು ನುಜಹತ. ಉಳಿಯುವ ಆಸೆ ಅವಳಿಗೆ ಎಷ್ಟಿತ್ತೆಂದರೆ, ಆ ಗಳಿಗೆಯಲ್ಲಿ ಇಲ್ಲದ ಕಷ್ಟವನ್ನೂ ಯಾರಿಂದಲಾದರೂ ಕೇಳಿ ತರುತ್ತಿದ್ದಳು.

ಮನೆಗೆ ಫೋನ್ ಮಾಡಿ ತಾಯಿ ದಾವಲಬಿಗೆ ಸ್ಪಷ್ಟವಾಗಿಯೇ ಹೇಳಿದಳು. “ಅಮ್ಮಾ, ಗುರುವಾರ ಟೀವಿಯವರು ಮನಿ ನೋಡಾಕ ಬರ್ತಾರ. ಮನಿ ಹೆಂಗೈತಿ ಹಂಗ ಇರ್ಲಿ ಅಂದಾರ. ಏನೂ ಮಾಡಬ್ಯಾಡ್ರಿ.”

“ಆತು ಬಿಡು, ಏನೂ ಮಾಡೂದಿಲ್ಲ,” ಎಂದಳು ದಾವಲಬಿ.

ಆದರೆ ಹೆಣ್ಣು ನೋಡಲು ಬರುವವರೂ ಅದನ್ನೇ ಹೇಳುತ್ತಾರೆ. ಏನೂ ಮಾಡಬೇಡಿ, ಒಂದು ಕಪ್ಪು ಚಾ ಸಾಕು ಎನ್ನುತ್ತಾರೆ. ಅದನ್ನು ನಿಜವೆಂದು ನಂಬಿ ಬರೀ ಚಾ ಕೊಡುವ ಮನೆಯನ್ನು ಸವಣೂರಿನಲ್ಲಿ ಇನ್ನೂ ಯಾರೂ ಕಟ್ಟಿಲ್ಲ. ದಾವಲಬಿ ಫೋನಿಟ್ಟು ಸೆರಗು ಸಿಕ್ಕಿಸಿದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ಸರೋಜವ್ವ ತನ್ನ ಹೊಸ ಸೋಫಾ ಕಳಿಸಿದಳು, ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ತೆಗೆಯಬಾರದೆಂಬ ಕರಾರಿನ ಮೇಲೆ. ಎದುರು ಮನೆಯ ಮುಮ್ತಾಜಬೇಗಂ ಕೆಂಪು ಬಣ್ಣದ ಎರಡು ಬಾಗಿಲಿನ ಫ್ರಿಜ್ ಕೊಟ್ಟಳು. ಅದನ್ನು ಹೊತ್ತು ತರಲು ಆರು ಜನ ಬೇಕಾಯಿತು. ಓಣಿಯ ಮೂಲೆಯ ಗುದ್ಲೆಪ್ಪ ಕೊಡಲು ಬೇರೇನೂ ತೋಚದೆ ತನ್ನ ಟ್ರ್ಯಾಕ್ಟರ್ ತೊಳೆದು, ಮಾಲೆ ಹಾಕಿ, ಹಸನಸಾಬನ ಬಾಗಿಲಿಗೆ ತಂದು ನಿಲ್ಲಿಸಿದ.

ಗುರುವಾರ ಟೀವಿಯವರ ಗಾಡಿಯಿಂದ ಇಳಿದ ನುಜಹತಳಿಗೆ ತನ್ನ ಮನೆ ಯಾವುದೆಂದು ಹುಡುಕಲು ಒಂದು ಕ್ಷಣ ಬೇಕಾಯಿತು. ಒಳಗೆ ಹೋದರೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಸೋಫಾದ ತುದಿಯಲ್ಲಿ ಕುಳಿತಿದ್ದ. ಮಿಸುಕಿದಾಗೆಲ್ಲ ಪ್ಲಾಸ್ಟಿಕ್ ಕಿರುಗುಟ್ಟುತ್ತಿತ್ತು. ಟೇಬಲ್ ಮೇಲೆ ಸವಣೂರು ಖಾರ, ಬಾದಾಮಿ, ಮೂರು ತರದ ಮಿಠಾಯಿ. ಡೈರೆಕ್ಟರ್ ಬಾಗಿಲಲ್ಲೇ ನಿಂತುಬಿಟ್ಟ.

“ಬರ್ರಿ ಸಾಹೇಬ್ರ, ಕುಂತ್ರಿ,” ಎಂದ ಹಸನಸಾಬ.

ಡೈರೆಕ್ಟರ್ ಕುಳಿತ, ಕ್ಯಾಮೆರಾ ಹಚ್ಚಿಸಿದ, ಮೆತ್ತಗೆ ಕೇಳಿದ. “ಮಗಳನ್ನ ಹಾಡುಗಾರ್ತಿ ಮಾಡೋಕೆ ತುಂಬಾ ಕಷ್ಟಪಟ್ಟಿರಬೇಕು?”

“ಕಷ್ಟನ? ಏನೂ ಇಲ್ರಿ. ಆಕಿ ಹಾಡತಿದ್ಲು, ನಾವು ಕೇಳತಿದ್ವಿ.”

“ಊಟಕ್ಕೆ ತೊಂದರೆ ಆಗಿದ್ದು ಏನಾದ್ರೂ...?”

ದಾವಲಬಿಗೆ ಮುಖ ಬಿದ್ದುಹೋಯಿತು. “ಯಾಕ್ರಿ, ಖಾರ ಚಲೋ ಇಲ್ಲೇನ್ರಿ?”

ಡೈರೆಕ್ಟರ್ ಮೂಲೆಯಲ್ಲಿದ್ದ ಅಜ್ಜಿಯ ಕಡೆ ತಿರುಗಿದ. “ಅಜ್ಜಿ, ಮೊಮ್ಮಗಳನ್ನ ನೆನೆಸಿಕೊಂಡು ಒಂಚೂರು ಅಳ್ತೀರಾ?”

“ಯಾರು ಸತ್ತಾರೋ ತಮ್ಮ?” ಎಂದಳು ರಹಿಮಾಬಿ.

ಕ್ಯಾಮೆರಾ ಹಿಡಿದವನ ಹೆಗಲು ಕುಲುಕಿತು. ಡೈರೆಕ್ಟರ್ ಕ್ಯಾಮೆರಾ ನಿಲ್ಲಿಸಿ ನುಜಹತಳನ್ನು ಹೊರಗೆ ಕರೆದ. ಈ ಸೋಫಾ, ಫ್ರಿಜ್, ಮಾಲೆ ಹಾಕಿದ ಟ್ರ್ಯಾಕ್ಟರ್ ನೋಡಿ ಯಾರೂ ಒಂದು ಓಟು ಹಾಕುವುದಿಲ್ಲ, ಎಲ್ಲ ತೆಗೆಸು ಎಂದ. ನೆಲದ ಮೇಲೆ ಕುಳಿತುಕೊಳ್ಳಲಿ. ಅಪ್ಪ ತಲೆಯ ಮೇಲೆ ಎಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆಯಲಿ. ಇಲ್ಲದಿದ್ದರೆ ಭಾನುವಾರ ಚೀಲ ಕಟ್ಟಿಕೋ.

ಮಾತು ಹಸನಸಾಬನ ಕಿವಿಗೂ ಬಿತ್ತು. ಎಲೆ ಬುಟ್ಟಿ ಹೊರುವುದು ಹಮಾಲರ ಕೆಲಸ. ಅವನು ಆ ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಆ ದಿನಗಳ ಬಗ್ಗೆ ಮನೆಯಲ್ಲಿ ಅವನು ಮಾತೂ ಆಡುತ್ತಿರಲಿಲ್ಲ. ಮಗಳನ್ನು ಹಿತ್ತಲಿಗೆ ಕರೆದು ಜುಬ್ಬಾದ ತೋಳು ಮಡಚತೊಡಗಿದ.

“ನೀ ಉಳೀತೀ ಅಂದ್ರ ಹೊರ್ತೇನಿ ಮಗಳ. ನಾಕ ಹೆಜ್ಜಿ ತಾನ.”

“ಓಣಿಯವರೆಲ್ಲಾ ನಿಂತಾರ, ಅಬ್ಬಾ.”

“ನಿಂತಿರ್ಲಿ. ಅವರ ಕಡೆ ನೋಡೂದಿಲ್ಲ ಬಿಡು.”

ನುಜಹತ ಆ ಮಡಚಿದ ತೋಳನ್ನು ನೋಡಿದಳು. ಒಂದು ಕಡೆ ಅಂಚು ಸರಿಯಾಗಿ ಕೂತಿರಲಿಲ್ಲ. ಅವಳು ಅದನ್ನು ಬಿಚ್ಚಿ ಕೆಳಗಿಳಿಸಿ ಗುಂಡಿ ಹಾಕಿದಳು. ಚೀಲ ಕಟ್ಟುವುದಾದರೆ ಕಟ್ಟೋಣ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ತಲೆ ಹಗುರಾಗಿ, ಹಗುರಾದ ತಲೆಯಲ್ಲಿ ತುಂಟತನ ಹೊಕ್ಕಿತು. ಒಳಗೆ ಬಂದು ಕ್ಯಾಮೆರಾ ಹಚ್ಚಿರಿ ಎಂದಳು. ಅಜ್ಜಿಯ ಮುಂದೆ ಢೋಲಕ್ ಇಟ್ಟಳು.

“ಬೀಗರ ಹಾಡಿನ ಧಾಟಿ ಹಿಡಿ ದಾದಿ. ಇವತ್ತು ಬೀಗರು ನಾವಽ.”

ರಹಿಮಾಬಿ ಎರಡು ಪೆಟ್ಟು ಹಾಕಿದ್ದೇ ತಡ, ನುಜಹತ ಮನೆತುಂಬ ಕುಣಿಯುತ್ತ ಹಾಡಿದಳು:

“ಸೋಫಾ ನೋಡ್ರಿ ಸರೋಜವ್ವಂದು, ಕುಂತ್ರ ಕಿರ್ ಅಂತೈತಿ,
ಫ್ರಿಜ್ ನೋಡ್ರಿ ಮುಮ್ತಾಜಮ್ಮಂದು, ವೈರ್ ಎಲ್ಲೈತಿ?
ಟ್ರ್ಯಾಕ್ಟರ್ ಐತಿ ಗುದ್ಲೆಪ್ಪಂದು, ಡೀಸೆಲ್ ಬತ್ತೈತಿ,
ನಮ್ಮನಿದಂತ ಹಾಡೊಂದೈತಿ, ಅದೂ ಅಜ್ಜೀದೈತಿ.”

ಬಾಗಿಲಲ್ಲಿ ನಿಂತ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನೋಡಲು ಬಂದವರ ಎದುರಿಗೆ ಎರವಲು ತಂದದ್ದನ್ನು ಹೇಳಿಬಿಡುವುದೆಂದರೆ ಬುಟ್ಟಿಯನ್ನು ತಲೆಕೆಳಗು ಮಾಡಿ ತೋರಿಸಿದಂತೆ. ಹಸನಸಾಬ ನೆಲ ನೋಡಿದ. ಮುಮ್ತಾಜಬೇಗಂ ಫ್ರಿಜ್ಜಿನ ಹಿಂದೆ ಸರಿದಳು.

ಮೊದಲು ಬಾಯಿ ಬಿಟ್ಟವಳು ಸರೋಜವ್ವ. “ಏ ಹುಡುಗಿ, ಕಿರ್ ಅನ್ನೂದು ಸೋಫಾ ಅಲ್ಲ, ಪ್ಲಾಸ್ಟಿಕ್. ಅದನ್ನ ತಿದ್ದಿ ಹಾಡು, ನಾಳೆ ಜನ ನನಗ ಏನಂದಾರು.”

“ನನ್ನ ಹೆಸರು ಸ್ವಲ್ಪ ಎಳದು ಹಾಡವ್ವ,” ಎಂದ ಗುದ್ಲೆಪ್ಪ, “ಮಾಸೂರಿನ ನಮ್ಮ ಬೀಗರಿಗೆ ಕೇಳಿಸ್ಲಿ.”

ಅಲ್ಲಿಂದ ಮುಂದೆ ಅದನ್ನು ತಡೆಯುವುದು ಯಾರ ಕೈಯಲ್ಲೂ ಉಳಿಯಲಿಲ್ಲ. ಮುಮ್ತಾಜಬೇಗಂ ವೈರು ಹಿಡಿದುಕೊಂಡು ಕ್ಯಾಮೆರಾ ಮುಂದೆ ಬಂದಳು. ಏನೂ ಕೊಡದ ಅಡಿವೆವ್ವ ಓಣಿಯ ಆ ತುದಿಯಿಂದ ಟೇಬಲ್ ಫ್ಯಾನ್ ಹೊತ್ತು ಓಡಿ ಬಂದು, ತನಗೂ ಒಂದು ಸಾಲು ಬೇಕೆಂದು ಹಟ ಹಿಡಿದಳು. ಸಾಲು ಸಿಕ್ಕಿತು. ಡೈರೆಕ್ಟರ್ ಮಿಠಾಯಿ ತಿನ್ನುತ್ತ ಕುಳಿತಿದ್ದ; ನಿಲ್ಲಿಸಿ ಎಂದು ಮಾತ್ರ ಹೇಳಲಿಲ್ಲ.

“ಕಣ್ಣೀರು ಒಂದು ಹನೀನೂ ಬರಲಿಲ್ಲ,” ಎಂದ, ಹೋಗುವಾಗ.

“ಬರಲಿಲ್ರಿ,” ಎಂದಳು ನುಜಹತ.

ಶನಿವಾರ ಏಳು ಮನೆಗಳು ಅತ್ತವು, ಒಂದು ಮನೆ ಕುಣಿಯಿತು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಹಾನಗಲ್ಲಿನ ಹೆಣ್ಣುಮಕ್ಕಳು ತಮ್ಮ ನೆರೆಹೊರೆಯವರ ಹೆಸರು ಸೇರಿಸಿ ಅದೇ ಧಾಟಿಗೆ ಹಾಡು ಕಟ್ಟಿದ್ದರು. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಹಮಾಲರು ಮಾಲಕನ ಜೀಪನ್ನು ಹಾಡಿನಲ್ಲಿ ಸೇರಿಸಿದರು. ಮಾಲಕನೇ ಅವರೆಲ್ಲರ ಮೊಬೈಲ್ ಇಸಿದುಕೊಂಡು ಓಟು ಒತ್ತಿದ. ಹಿರೇಕೆರೂರಿನಲ್ಲಿ ಒಬ್ಬ, ಆ ಫ್ರಿಜ್ ಮಾರಿದ ಅಂಗಡಿ ತನ್ನದೇ ಎಂದು ಬೋರ್ಡು ಬರೆಸಿದ. ನಿಜವೋ ಸುಳ್ಳೋ, ವ್ಯಾಪಾರವಂತೂ ಆಯಿತು.

ಭಾನುವಾರ ಸಂಜೆ ಒಬ್ಬರು ಹೊರಬಿದ್ದು, ಐವರು ಉಳಿದು, ಇನ್ನೂ ತೀರ್ಪು ಬಾರದೆ ವೇದಿಕೆಯ ಮೇಲೆ ನಿಂತವರು ಇಬ್ಬರು, ನುಜಹತ ಮತ್ತು ಶನಿವಾರ ಎಲ್ಲರಿಗಿಂತ ಹೆಚ್ಚು ಅಳಿಸಿದ ಒಬ್ಬ ಹುಡುಗ. ನಿರೂಪಕ ಚೀಟಿ ಬಿಡಿಸುವ ಮುಂಚೆ ಮೂರು ಸಲ ಜಾಹೀರಾತು ತೋರಿಸಿದ. ಕೊನೆಗೆ ಚೀಟಿ ಬಿಡಿಸಿದ. ನುಜಹತ ಉಳಿದಳು.

ವೇದಿಕೆಯಿಂದ ಇಳಿದವಳೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದಳು. ಹಸನಸಾಬ ಫೋನನ್ನು ಉಲ್ಟಾ ಹಿಡಿದಿದ್ದ. ಅವಳಿಗೆ ಕಂಡದ್ದು ನಡುರಸ್ತೆ, ಹತ್ತಾರು ಕುಣಿಯುವ ಕಾಲು, ಅದರಲ್ಲಿ ಅಪ್ಪನ ಚಪ್ಪಲಿ ಎಲ್ಲಕ್ಕಿಂತ ಮುಂದೆ, ಮತ್ತು ಹಿಂದೆ ದುಂಡಸಿಗೆ ಹೊರಟ ಬಸ್ಸಿನ ಮುಖ.

“ಅಬ್ಬಾ, ಬಸ್ಸಿಗೆ ದಾರಿ ಬಿಡ್ರಿ. ಹಾರ್ನ್ ಹೊಡ್ಯಾಕತ್ತಾನ.”

“ಬಿಡ್ತೇನಿ ತಡಿ ಮಗಳ,” ಎಂದಿತು ಅಪ್ಪನ ಏದುಸಿರಿನ ದನಿ. “ಡ್ರೈವರ್ ಕುಣ್ಯಾಕ ಇಳದಾನ. ಕಂಡಕ್ಟರ್ ಇನ್ನೂ ಇಳ್ಯಾಕತ್ತಾನ.”