ಬೀಗ ಬಿದ್ದ ಹೂಬುಟ್ಟಿ

ಅವ್ವನಿಗೂ ಚಿಕ್ಕವ್ವನಿಗೂ ಮಾತು ನಿಂತದ್ದು ಅರಸೀಕೆರೆಯ ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ. ಬಿಕ್ಕೋಡಿಗೆ ಕೊಟ್ಟಿದ್ದ ಚಿಕ್ಕವ್ವ ಅವ್ವನಿಗೆ ಒಬ್ಬಳೇ ತಂಗಿ. ನೆಂಟರ ಗಲಾಟೆಯಲ್ಲಿ ಅವಳಿಗೆ ಅಕ್ಕಿ, ಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬುವುದನ್ನೇ ಅವ್ವ ಮರೆತಳು. ಅಕ್ಕನ ಮನೆಯಿಂದ ಬರಿ ಮಡಿಲಲ್ಲಿ ಹೋದವಳು ಸುಮ್ಮನಿರುತ್ತಾಳೆಯೇ? "ಮರೆತೆ ಕಣೇ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವ್ವ ಹೇಳಲಿಲ್ಲ, ಚಿಕ್ಕವ್ವ ಕೇಳಲಿಲ್ಲ. ಹಟದಲ್ಲಿ ಮಾತ್ರ ಇಬ್ಬರೂ ಥೇಟ್ ಒಂದೇ.

ವರ್ಷಗಳು ಹೀಗೇ ಹೋದವು. ಮಂಡಿ ಆಪರೇಷನ್ ಆಗಿ ಅವ್ವ ಹಾಸಿಗೆ ಹಿಡಿದಾಗ, ಅವಳ ಬೈಗುಳದಿಂದ ತಪ್ಪಿಸಿಕೊಳ್ಳಲು ಅವಳ ಮೊಬೈಲಿಗೆ ಒಂದು ತೋಟದ ಆಟ ಹಾಕಿಕೊಟ್ಟೆ. ಗಿಡ ನೆಡುವುದು, ಹೂ ಕೀಳುವುದು, ಆಟದಲ್ಲಿರುವ ಪಕ್ಕದ ತೋಟದವರಿಗೆ ಬುಟ್ಟಿ ತುಂಬಿ ಕಳಿಸುವುದು, ಅಷ್ಟೇ.

"ದುಡ್ಡೆಷ್ಟೇ?"

"ಏನೂ ಇಲ್ಲ ಕಣವ್ವ, ಬಿಟ್ಟಿ."

"ಬಿಟ್ಟಿ ಕೊಡಕ್ಕೆ ಅವ್ರೇನು ನಮ್ಮ ಸೋದರಮಾವನ ಮಕ್ಕಳಾ?"

ಆಗ ನಗು ಬಂದಿತ್ತು. ದುಡ್ಡು ಕೇಳುವುದು ಏನೇ ಬಂದರೂ ಮೂಲೆಯ ಇಂಟು ಗುರುತು ಒತ್ತಿಬಿಡು ಎಂದು ಹೇಳಿಕೊಟ್ಟೆ. ಬಿಕ್ಕೋಡಿನಲ್ಲಿ ಚಿಕ್ಕವ್ವನ ಮಗಳೂ ತನ್ನ ತಾಯಿಗೆ ಅದೇ ಆಟ ಹಾಕಿ, ಅದೇ ಪಾಠ ಹೇಳಿದಳು. ನಾವಿಬ್ಬರೂ ಗುಟ್ಟಾಗಿ ಮಾತಾಡಿಕೊಂಡು ಅಕ್ಕತಂಗಿಯರನ್ನು ಅಕ್ಕಪಕ್ಕದ ತೋಟದವರನ್ನಾಗಿ ಮಾಡಿದೆವು.

ಒಂದು ಬೆಳಿಗ್ಗೆ ಚಿಕ್ಕವ್ವನ ತೋಟದಿಂದ, ಅವಳ ಫೋಟೊ ಸಮೇತ, ಒಂದು ಬುಟ್ಟಿ ಮಲ್ಲಿಗೆ ಬಂತು. ಅವ್ವ ಫೋನನ್ನೇ ದಿಟ್ಟಿಸುತ್ತಾ ಕೂತಳು. "ಬುಟ್ಟೀನ ಖಾಲಿ ಕಳಿಸಬಾರ್ದು" ಎಂದು ಗೊಣಗಿ, ತನ್ನ ತೋಟದ ತೆಂಗಿನಕಾಯಿ ತುಂಬಿ ಕಳಿಸಿದಳು. ಆಮೇಲೆ ದಿನಾ ಅದೇ. ಮಲ್ಲಿಗೆ ಬರುವುದು, ಕಾಯಿ ಹೋಗುವುದು. ಮಾತು ಮಾತ್ರ ಇಲ್ಲ. ಆದರೂ ಬೈಗುಳ ಕಡಿಮೆಯಾಯಿತು. "ಈ ಸಲ ಗೌರಿ ಹಬ್ಬಕ್ಕೆ ನಾನೇ ಬಿಕ್ಕೋಡಿಗೆ ಹೋಗಿ ಬಾಗಿನ ಕೊಟ್ಟು, ಮಡ್ಲು ತುಂಬಿ ಬತ್ತೀನಿ" ಎಂದಳು ಒಂದು ದಿನ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಹಬ್ಬ ಹತ್ತಿರ ಬಂದಾಗ ಬುಟ್ಟಿ ಬರುವುದು ನಿಂತಿತು. ಅವ್ವ ಒಂದು ವಾರ ಕಾದಳು.

"ಅವ್ಳ ಹೊಟ್ಟೇಲಿ ಇನ್ನೂ ಐತೆ ಕಣೇ. ಅವ್ಳು ಕಳಿಸ್ದೆ ನಾನೇನು ತಿರುಗಿ ಕಳಿಸ್ಲಿ?"

"ಒಂದು ಫೋನ್ ಮಾಡವ್ವ."

"ನಾನು ದೊಡ್ಡೋಳು."

ತಂದಿಟ್ಟಿದ್ದ ಬಾಗಿನದ ಮೊರಗಳು ಅಟ್ಟ ಸೇರಿದವು. ನನಗೆ ಇಬ್ಬರ ಮೇಲೂ ಸಿಟ್ಟು ಬಂದು, ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಾದೆ.

ದೀಪಾವಳಿಗೆ ಮುಂಚೆ ಚಿಕ್ಕವ್ವ ಎದೆನೋವು ಬಂದು ತೀರಿಕೊಂಡಳು. ಹಳೇಬೀಡು ದಾಟಿ, ಬೇಲೂರು ದಾಟಿ ಬಿಕ್ಕೋಡು ಮುಟ್ಟಿದೆವು. ಮಣ್ಣು ಮಾಡಿ ಬಂದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಅವ್ವ ಚಿಕ್ಕವ್ವನ ಮಗಳನ್ನು ಕೇಳಿದಳು.

"ನಿಮ್ಮವ್ವ ಹೂ ಕಳಿಸೋದು ಯಾಕೆ ಬಿಟ್ಲು?"

"ನೀವೇ ಬೀಗ ಹಾಕ್ಕೊಂಡ್ರಂತಲ್ಲ ದೊಡ್ಡವ್ವ. 'ಅಕ್ಕ ತೋಟಕ್ಕೆ ಬೀಗ ಜಡ್ದವ್ಳೆ' ಅಂತ ಅಳ್ತಿದ್ಲು. ಹಳೇ ಜಗಳ ಅನ್ಕೊಂಡು ನಾನೂ ನೋಡ್ಲಿಲ್ಲ."

ಚಿಕ್ಕವ್ವನ ಫೋನ್ ಇಸಿದುಕೊಂಡು ಆಟ ತೆರೆದೆ. ಮಲ್ಲಿಗೆ ತುಂಬಿದ ಬುಟ್ಟಿ ಅಲ್ಲೇ ಇತ್ತು, ಅದರ ಮೇಲೊಂದು ಪುಟ್ಟ ಬೀಗದ ಚಿತ್ರ. ಒತ್ತಿದರೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇನ್ನು ಮುಂದೆ ಬುಟ್ಟಿ ಕಳಿಸಬೇಕಾದರೆ ತಿಂಗಳಿಗೊಂದು ಪಾಸ್ ಕೊಳ್ಳಬೇಕಂತೆ. ಚಿಕ್ಕವ್ವನಿಗೆ ಇಂಗ್ಲಿಷ್ ಬಾರದು, ಬೀಗ ಕಂಡರೆ ಬೀಗ. ಹಾಳಾದವರು! ನೆಡುವುದು ಬಿಟ್ಟಿ, ಕೀಳುವುದು ಬಿಟ್ಟಿ. ರುಚಿ ಹತ್ತಿಸಿ, ಕೊಡುವ ಕೈಗೆ ಮಾತ್ರ ಬೆಲೆ ಕಟ್ಟಿದ್ದರು. ಅದೂ ಎಷ್ಟು, ಹೋಟೆಲಿನ ಒಂದು ಮಸಾಲೆದೋಸೆಯಷ್ಟು.

ವಿಷಯ ಹೇಳಿದಾಗ ಅವ್ವ "ಅಯ್ಯೋ ನನ್ನ ಕೂಸೇ" ಎಂದು ಗೋಡೆಗೆ ಒರಗಿದಳು. ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬೀಗ ತೆಗ್ಸು" ಎಂದಳು.

ನನ್ನ ಖಾತೆಯಿಂದ ದುಡ್ಡು ಕಟ್ಟಿ ಚಿಕ್ಕವ್ವನ ಬುಟ್ಟಿ ಕಳಿಸಿದೆ. ಅವ್ವನ ಮಡಿಲಲ್ಲಿದ್ದ ಫೋನ್ ಟಿಣ್ ಎಂದಿತು. ಮಲ್ಲಿಗೆ ತೆಗೆದುಕೊಂಡಳು. ಒಂದೊಂದೇ ಕಾಯಿ ಇಟ್ಟು ಬುಟ್ಟಿ ತುಂಬಿದಳು. ಕಳಿಸಲು ಹೋದರೆ ಅದರ ಮೇಲೂ ಬೀಗ ಬಂತು.

"ತಡಿ, ನಿಂದಕ್ಕೂ ಕಟ್ತೀನಿ" ಎಂದು ಕೈ ಚಾಚಿದೆ.

ಅವ್ವ ಫೋನನ್ನು ಮಗುಚಿ ಇಟ್ಟಳು.

"ಬ್ಯಾಡ ಬಿಡು. ಈಗ ತಗಳ್ಳಕ್ಕೆ ಯಾರವ್ರೆ?"